ಬೇಲಿಯಾಚೆಯ ಬೀನ್ಸು

ನಾವೆಲ್ಲ ಹುರಿದ ಕಾಫಿಪುಡಿಯನ್ನು ಮೂಗಿಗೆ ಹಿಡಿಯುವ ಹಾಗೆ ದಾಕ್ಷಾಯಣಕ್ಕ ಗೊಬ್ಬರವನ್ನು ಹಿಡಿಯುತ್ತಿದ್ದರು. ಸಗಣಿಯ ವಾಸನೆ ಚೂರು ಬಂದರೂ "ಇನ್ನೂ ಬೆಂದಿಲ್ಲ" ಎಂದು ಗುಂಡಿಗೇ ಹಾಕುವರು. ಮಳೆ ಬಿದ್ದ ನೆಲದ ವಾಸನೆ ಬಂದರೆ ಮಾತ್ರ ಅವರ ಲೆಕ್ಕದಲ್ಲಿ ಅದು ಗೊಬ್ಬರ.

ಸೋಮವಾರಪೇಟೆ ಕಡೆಯ ನಮ್ಮ ಮನೆಯ ಬೇಲಿಗೆ ಅಂಟಿಕೊಂಡೇ ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಕ್ವಾರ್ಟರ್ಸು. ದಾಕ್ಷಾಯಣಕ್ಕ ಆ ರೈಟರ ಹೆಂಡತಿ. ಅವರು ಬಂದಾಗ ಎರಡೂ ಹಿತ್ತಲುಗಳಲ್ಲಿ ಗರಿಕೆಯದ್ದೇ ರಾಜ್ಯ. ಎರಡನೇ ವರ್ಷಕ್ಕೆ ಅವರಲ್ಲಿ ಬೀನ್ಸು, ಮೂಲಂಗಿ, ನವಿಲುಕೋಸು, ನಮ್ಮಲ್ಲಿ ಗರಿಕೆ. ಅಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆನೇನೋ. ಆದರೆ ನಮ್ಮತ್ತೆ ದಿನಾ ಸಂಜೆ ಅಲ್ಲಿಗೆ ಹೋಗಿ, ಸೆರಗು ತುಂಬ ಬೀನ್ಸು ತಂದು ನನ್ನ ಮುಂದೆ ಸುರಿಯುವರು. ನಾನು ಮಾಡಿದ ಪಲ್ಯ ಉಣ್ಣುತ್ತಾ, "ನಾರೇ ಇಲ್ಲ ನೋಡು. ದಾಕ್ಷಾಯಣಿ ಕೈ ಕೈಯೇ" ಎನ್ನುವರು. ಒಗ್ಗರಣೆ ಹಾಕಿದ ಕೈ ಯಾರದೆಂದು ಒಂದು ದಿನವೂ ಕೇಳಲಿಲ್ಲ. ನನ್ನ ಹಿತ್ತಲಿನ ಬೀನ್ಸು ತಿಂದು ಅತ್ತೆ ಹಾಗೊಂದು ಮಾತು ನನಗೆ ಹೇಳಬೇಕು, ಅದೊಂದೇ ನನ್ನ ಆಸೆಯಾಗಿಬಿಟ್ಟಿತು.

ಮಳೆ ಬಿಟ್ಟ ಕೂಡಲೇ ಟಿಲ್ಲರ್ ತರಿಸಿ ಹಿತ್ತಲೆಲ್ಲ ಹೊಡೆಸಿದೆ. ಕೊಟ್ಟಿಗೆಯ ಹಸಿ ಸಗಣಿಯನ್ನು ಉದ್ದಕ್ಕೂ ಹರವಿದೆ. ದಾಕ್ಷಾಯಣಕ್ಕ ಬೇಲಿಯಾಚೆ ಬಂದು ನಿಂತರು.

"ಏನವ್ವ, ಗರಿಕೆ ಬಿತ್ತನೆಯಾ?"

"ಬೀನ್ಸಕ್ಕ."

"ಮಿಷನ್ನು ಗರಿಕೆ ಬೇರನ್ನೆಲ್ಲ ಚೂರು ಮಾಡೈತೆ ಕಣೆ. ಚೂರಿಗೊಂದು ಗಿಡ ಏಳ್ತದೆ. ಹಸಿ ಸಗಣೀಲಿ ದನ ತಿಂದ ಹುಲ್ಲಿನ ಬೀಜನೂ ಇರ್ತದೆ."

ನನ್ನ ಹಿತ್ತಲು ಕಂಡು ಅವರಿಗೇ ಹೊಟ್ಟೆಕಿಚ್ಚು ಎಂದುಕೊಂಡು ಒಳಗೊಳಗೇ ಖುಷಿಪಟ್ಟೆ. ಸಗಣಿಯ ಕಾವಿಗೆ ಬೀನ್ಸಿನ ಮೊಳಕೆ ಸುಟ್ಟುಹೋಯಿತು. ಗರಿಕೆ ಮಾತ್ರ ಮೊಣಕಾಲುದ್ದ ಬಂತು. "ಗಣಪತಿ ಪೂಜೆಗೆ ಇನ್ನು ಅಲೆಯೋ ಹಂಗಿಲ್ಲ ಬಿಡು" ಎಂದರು ಅತ್ತೆ.

ಹೇಗೆ ಬೆಳೆಯುತ್ತೀರೆಂದು ದಾಕ್ಷಾಯಣಕ್ಕನನ್ನು ಹೋಗಿ ಕೇಳಲು ನನಗೆ ಬಾಯಿ ಬರಲಿಲ್ಲ. ಬಟ್ಟೆ ಒಣಹಾಕುವ ನೆಪದಲ್ಲಿ ಬೇಲಿ ಪಕ್ಕ ನಿಂತು ನೋಡಿದೆ. ದಾಕ್ಷಾಯಣಕ್ಕನಿಗೆ ಅದು ಗೊತ್ತಾಗಿರಬೇಕು. ಅಂದಿನಿಂದ ಅತ್ತೆಯೊಡನೆ ಆಡುವ ಮಾತು ನನಗೂ ಕೇಳುವಷ್ಟು ಜೋರಾಯಿತು. "ಮಣ್ಣು ಸಡ್ಲ ಮಾಡಿ ಬೇರನ್ನ ಇಡಿಯಾಗಿ ಎಳೀಬೇಕು ಅತ್ತೆಮ್ಮ. ಆಮೇಲೆ ನೀರು ಚಿಮುಕ್ಸಿ ಕಾಯೋದು. ಉಳಿದ ಕಳೆ ತಾನಾಗೇ ತಲೆ ಎತ್ತುತ್ತದೆ, ಆಗ ಮೇಲ್ಮೇಲೆ ಕೆರೆದು ಬಿತ್ತೋದು." ಗೊಬ್ಬರವನ್ನು ಅವರು ಹರವುತ್ತಲೇ ಇರಲಿಲ್ಲ, ಬೀಜದ ಗುಳಿಗೆ ಒಂದೊಂದು ಹಿಡಿ ಹಾಕುವರು. "ಮಗೀಗೆ ಅನ್ನನ ಬಾಯಿಗಿಡ್ತೀವಾ, ಮನೆ ತುಂಬ ಚೆಲ್ತೀವಾ?"

ಅಷ್ಟರಲ್ಲಿ ರೈಟರನ್ನು ಮಾಲೀಕರು ವಿರಾಜಪೇಟೆ ಕಡೆಯ ತೋಟಕ್ಕೆ ಹಾಕಿದರು. ಲಾರಿಗೆ ಸಾಮಾನು ಏರಿಸುತ್ತಿದ್ದಾಗ ದಾಕ್ಷಾಯಣಕ್ಕ ನನ್ನನ್ನು ಕೂಗಿದರು.

"ಗುಂಡೀಲಿರೋದು ಬೆಂದೈತೆ. ಇವತ್ತೇ ಹೊತ್ಕೊಂಡು ಹೋಗು. ಹೊಸಬರು ಬಂದು ಹೂವಿನ ಕುಂಡಕ್ಕೆ ಹಾಕ್ಬಿಟ್ಟಾರು."

ಲಾರಿ ಹೊರಟಾಗ ಅತ್ತೆ ಸೆರಗು ಬಾಯಿಗೆ ಹಿಡಿದು ಅತ್ತರು. ನಾನು ಬಾಣಂತನಕ್ಕೆಂದು ತವರಿಗೆ ಹೊರಟ ದಿನ ಇದೇ ಅತ್ತೆ ಜಗಲಿಯಲ್ಲಿ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು.

ಈ ಸಲ ಗರಿಕೆಯ ಬೇರನ್ನೆಲ್ಲ ಕೈಯಾರೆ ಎಳೆದು, ಕಾದು, ಕೆರೆದು, ಆ ಗುಂಡಿಯ ಗೊಬ್ಬರವನ್ನು ಗುಳಿಗೊಂದು ಹಿಡಿ ಹಾಕಿ ಬಿತ್ತಿದೆ. ಬೀನ್ಸು ಗೊಂಚಲುಗೊಂಚಲಾಗಿ ಬಂತು. ಮೊದಲ ಬುಟ್ಟಿಯನ್ನು ಅತ್ತೆಯ ಮುಂದಿಟ್ಟು ಅಲ್ಲೇ ಕೂತೆ. ಒಂದನ್ನು ಮುರಿದು ಹಸಿಯಾಗಿಯೇ ಅಗಿದರು. ಮುಖ ಅರಳಿತು.

"ಅವಳ ಗೊಬ್ಬರ ಅಂದ್ರೆ ಸುಮ್ನೆನಾ" ಎಂದು ಫೋನು ಹುಡುಕಿದರು. "ದಾಕ್ಷಾಯಣಿಗೊಂದು ಮಾತು ಹೇಳ್ಬೇಕು."

ನಮ್ಮ ಮನೆಯೊಳಗೆ ನೆಟ್‌ವರ್ಕ್ ಇಲ್ಲ. ಅತ್ತೆ ಫೋನು ಎತ್ತಿ ಹಿಡಿದುಕೊಂಡು, ಇನ್ನೂ ಯಾರೂ ಬಾರದ ಕ್ವಾರ್ಟರ್ಸಿನ ಜಗಲಿಯವರೆಗೂ ಹೋದರು. ನಾನು ಬೀನ್ಸಿನ ತೊಟ್ಟು ಮುರಿಯುತ್ತಾ, ಲೈನು ಸಿಗದೇ ಹೋಗಲಿ ಎಂದುಕೊಂಡೆ.

ಸಿಕ್ಕಿತು.