ಪೀಣ್ಯದಿಂದ ಹೂಡಿಗೆ, ಮೂರು ಸುತ್ತು ಸೈಕಲ್ ನೋಡಲು

ಭಾನುವಾರ ಬೆಳಿಗ್ಗೆ ಎಂಟೂಕಾಲಿಗೆ ನಾವು ಐದು ಜನ ಪೀಣ್ಯದ ಮನೆಯಿಂದ ಹೊರಟೆವು. ನಾನು, ನನ್ನ ಗಂಡ, ಆರು ವರ್ಷದ ಮಗಳು ಅನು, ನಾಲ್ಕು ತಿಂಗಳ ಪಾಪು, ಮತ್ತು ನಮ್ಮೆಲ್ಲರ ಮೇಲಧಿಕಾರಿಯಾಗಿ ನನ್ನ ಅತ್ತೆ. ಹೋಗಬೇಕಾಗಿದ್ದುದು ಹೂಡಿಗೆ, ನನ್ನ ತಂಗಿ ಇರುವ ಅಪಾರ್ಟ್‌ಮೆಂಟಿಗೆ. ಅಲ್ಲಿ ಹನ್ನೊಂದು ಗಂಟೆಗೆ ಪುಟ್ಟ ಮಕ್ಕಳ ಸೈಕಲ್ ರೇಸ್ ಇತ್ತು. ತಂಗಿ ಅನುವಿನ ಹೆಸರನ್ನೂ ಬರೆಸಿದ್ದಳು.

ಬಾಣಂತನ ಮುಗಿದ ಮೇಲೆ ಇದು ನಮ್ಮ ಮೊದಲ ದೂರದ ಪ್ರಯಾಣ. ಅನು ಮಾತ್ರ ಒಂದು ಷರತ್ತು ಹಾಕಿದ್ದಳು. "ಗೆಲ್ಲೋದು ಬಿಡೋದು ಆಮೇಲೆ. ನೀನು ಪೂರ್ತಿ ನೋಡ್ಬೇಕು. ಪಾಪು ಅತ್ರೂ ನೋಡ್ಬೇಕು." ಹಾಗೆ ಕೇಳಲು ಕಾರಣವಿತ್ತು. ಹಿಂದಿನ ತಿಂಗಳು ಅವಳ ಶಾಲೆಯಲ್ಲಿ ಹಾಡು ಇದ್ದಾಗ ಪಾಪು ಅತ್ತು, ನಾನು ಅರ್ಧಕ್ಕೇ ಎದ್ದು ಹೊರಗೆ ಹೋಗಿದ್ದೆ. ನಾನು ಎದ್ದು ಹೋಗುವುದನ್ನು ಅವಳು ವೇದಿಕೆಯ ಮೇಲಿಂದಲೇ ನೋಡಿದ್ದಳು. ಮನೆಗೆ ಬಂದ ಮೇಲೆ ಆ ಹಾಡನ್ನು ಮತ್ತೆ ಹಾಡಲೇ ಇಲ್ಲ. ಈ ಸಲ ಏನೇ ಆಗಲಿ, ನಿನ್ನ ಮೇಲಿಂದ ಕಣ್ಣು ಕೀಳುವುದಿಲ್ಲ ಎಂದು ಅವಳ ತಲೆ ಮುಟ್ಟಿ ಹೇಳಿದ್ದೆ.

ಮೊದಲ ಕಂಟಕ ಮೆಟ್ರೋ ಸ್ಟೇಷನ್ನಿನ ಬಾಗಿಲಲ್ಲೇ ಬಂತು. ಪಾಪುವಿನ ಬಟ್ಟೆಯ ಚೀಲ ಸ್ಕ್ಯಾನರ್ ಒಳಗೆ ಹೋಗಿ ಅಲ್ಲೇ ನಿಂತಿತು. ಸೆಕ್ಯುರಿಟಿ ಹೆಂಗಸು ನನ್ನ ಮುಖ ನೋಡಿದಳು. "ಮೇಡಂ, ಒಳಗೆ ಕತ್ತರಿ ತರ ಏನೋ ಇದೆಯಲ್ಲ?" ಚೀಲ ಬಿಚ್ಚಿದರೆ ನ್ಯಾಪಿಗಳ ಅಡಿಯಲ್ಲಿ ಅಜ್ಜಿಯ ಕಾಲದ ಅಡಕೊತ್ತು! ಹಸುಗೂಸು ಹೊರಗೆ ಹೊರಟರೆ ದೃಷ್ಟಿ ತಾಗದ ಹಾಗೆ ಜೊತೆಗೆ ಕಬ್ಬಿಣ ಇರಲೇಬೇಕೆಂದು ಅತ್ತೆ ನನಗೆ ಹೇಳದೆ ತುರುಕಿದ್ದರು.

"ಇದನ್ನ ಬಿಡಕ್ಕಾಗಲ್ಲ ಅಮ್ಮ" ಎಂದಳು ಸೆಕ್ಯುರಿಟಿಯವಳು.

"ಹಾಗಾದ್ರೆ ಮಗೂನೂ ಬರಲ್ಲ" ಎಂದು ಅತ್ತೆ ಅಲ್ಲೇ ಗೋಡೆಗೆ ಒರಗಿ ನಿಂತುಬಿಟ್ಟರು. ನನಗೆ ರೇಗಿ ಹೋಯಿತು. ಗಂಟೆ ಎಂಟೂ ಮುಕ್ಕಾಲು.

ನನ್ನ ಗಂಡ ಕಾರ್ಖಾನೆಯಲ್ಲಿ ಲೇತ್ ನಡೆಸುವ ಟರ್ನರ್. ಅವರ ಪ್ಯಾಂಟಿನ ಜೇಬಿನಲ್ಲಿ ದುಡ್ಡಿಲ್ಲದೆ ಇರಬಹುದು, ನಟ್ ಇಲ್ಲದೆ ಇರುವುದಿಲ್ಲ. ಹೊಳೆಯುವ ಒಂದು ನಟ್ ತೆಗೆದು, "ತಗೋಮ್ಮ, ಇದೂ ಕಬ್ಬಿಣಾನೇ" ಎಂದರು. ಅತ್ತೆ ಅದನ್ನು ಬೆಳಕಿಗೆ ಹಿಡಿದು ನೋಡಿದರು. ಮಾವ ಮೂವತ್ತು ವರ್ಷ ಸರ್ಕಾರಿ ಕಾರ್ಖಾನೆಯಲ್ಲಿ ದುಡಿದವರು. ಅವರ ಹೆಂಡತಿಗೆ ಟೋಪಿ ಹಾಕುವುದು ಸುಲಭವಲ್ಲ.

"ಲೋ, ಇದು ಸ್ಟೇನ್‌ಲೆಸ್ ಸ್ಟೀಲ್ ಕಣೋ! ಇದಕ್ಕೆ ಮ್ಯಾಗ್ನೆಟ್ಟೇ ಹಿಡಿಯಲ್ಲ, ದೃಷ್ಟಿ ಎಲ್ಲಿಂದ ಹಿಡಿಯುತ್ತೆ?"

ಆಗ ಅನು ತನ್ನ ಬೆನ್ನುಚೀಲದಿಂದ ಪೆನ್ಸಿಲ್ ಡಬ್ಬಿ ತೆಗೆದಳು. ಅದರ ಮುಚ್ಚಳದಲ್ಲಿ ಮ್ಯಾಗ್ನೆಟ್ ಇದೆ. "ಅಪ್ಪ, ಬಾ" ಎಂದು ಕೈ ಹಿಡಿದು ಎಳೆದುಕೊಂಡು ಕೆಳಗೆ ಓಡಿದಳು. ಕಾರ್ಖಾನೆಗಳೇ ತುಂಬಿದ ಪೀಣ್ಯದ ರಸ್ತೆಯಂಚಿನ ಮಣ್ಣಿನಲ್ಲಿ ಮುಚ್ಚಳ ಆಡಿಸಿದರೆ ಬರಿಗೈಯಲ್ಲಿ ಬರುವ ಮಾತೇ ಇಲ್ಲ. ಐದೇ ನಿಮಿಷದಲ್ಲಿ ಮುಚ್ಚಳಕ್ಕೆ ಅಂಟಿಕೊಂಡ ತುಕ್ಕು ಹಿಡಿದ ನಟ್ ಒಂದನ್ನು ಮೆರವಣಿಗೆಯಂತೆ ಎತ್ತಿಕೊಂಡು ಬಂದಳು. ಅತ್ತೆ ನೀರು ಹಾಕಿ ತೊಳೆದು, ಕಣ್ಣಿಗೊತ್ತಿ, ತಮ್ಮ ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಸೆಕ್ಯುರಿಟಿಯವಳು ಬಾಯಿ ಮುಚ್ಚಿಕೊಂಡು ನಕ್ಕಳು. ಅಡಕೊತ್ತು ಕೆಳಗಿನ ಟೀ ಅಂಗಡಿಯವನ ವಶವಾಯಿತು. ಇಷ್ಟರಲ್ಲಿ ಎರಡು ರೈಲು ಹೋಗಿದ್ದವು.

ಟಿಕೆಟ್ಟು ತಲೆಗೆ ನೂರರ ಒಳಗೇ, ಪಾಪುವಿಗೆ ಬಿಟ್ಟಿ. ಮೆಜೆಸ್ಟಿಕ್ಕಿನಲ್ಲಿ ನೇರಳೆ ಲೈನಿಗೆ ಬದಲಾಯಿಸಬೇಕು. ಅಲ್ಲಿ ಪಾಪು ನ್ಯಾಪಿ ತುಂಬಿಸಿದ. ಬೆಂಚಿನ ಮೇಲೆ ಮಲಗಿಸಿ ಬದಲಾಯಿಸುವಷ್ಟರಲ್ಲಿ ಮೂರನೆಯ ರೈಲೂ ತಪ್ಪಿತು. ಕೊನೆಗೆ ಹತ್ತಿದಾಗ ಕಾಲೇಜು ಹುಡುಗನೊಬ್ಬ ಎದ್ದು, "ಕೂತ್ಕೊಳಿ ಅಕ್ಕ" ಎಂದ. ಎಂ.ಜಿ. ರಸ್ತೆಯ ಹತ್ತಿರ ರೈಲು ನೆಲದಡಿಯಿಂದ ಮೇಲೆದ್ದಿತು, ಕಿಟಕಿಯ ತುಂಬ ಬಿಸಿಲು. ಡಬ್ಬಿಯಲ್ಲಿದ್ದ ಚಿತ್ರಾನ್ನವನ್ನು ಇಲ್ಲಿ ತಿನ್ನುವ ಹಾಗಿಲ್ಲ ಎಂದು ನಾನು ಅತ್ತೆಗೆ ಮೂರು ಸಲ ಹೇಳಬೇಕಾಯಿತು. ಅನು ಪ್ರತಿ ಸ್ಟೇಷನ್ನಿನಲ್ಲೂ ಅಪ್ಪನ ಗಡಿಯಾರ ತಿರುಗಿಸಿ ನೋಡುತ್ತಿದ್ದಳು.

ಹೂಡಿಯಲ್ಲಿ ಇಳಿದಾಗ ಹತ್ತೂವರೆ ದಾಟಿತ್ತು. ಆಟೋದವರು ದಯೆ ತೋರಿದರು. ಗೇಟಿನಲ್ಲಿ ತಂಗಿ ತನ್ನ ಮಗನ ಹಳೆಯ ಸೈಕಲ್ ಹಿಡಿದುಕೊಂಡೇ ನಿಂತಿದ್ದಳು. ಒಂಬತ್ತು ಮಕ್ಕಳು, ಕಟ್ಟಡದ ಮುಂದಿನ ಹುಲ್ಲುಹಾಸಿಗೆ ಮೂರು ಸುತ್ತು. ಅನು ಗೆರೆಯ ಹಿಂದೆ ನಿಂತು ನನ್ನನ್ನೇ ದಿಟ್ಟಿಸಿದಳು. ನಾನು ಕೈ ಎತ್ತಿದೆ. ಸೀಟಿ ಊದಿದರು.

ಸೀಟಿಯ ಸದ್ದಿಗೇ ಪಾಪು ಕಿಟಾರನೆ ಕಿರುಚಿದ. ಹಸಿವು ಬೇರೆ.

"ಒಳಗೆ ಹೋಗಿ ಕುಡಿಸು ಸುಮಾ, ಮಗು ಒದ್ದಾಡ್ತಾ ಇದೆ" ಎಂದರು ಅತ್ತೆ.

"ಇಲ್ಲ ಅತ್ತೆ. ಇಲ್ಲೇ ಕುಡಿಸ್ತೀನಿ. ನೀವು ಸೆರಗು ಅಡ್ಡ ಹಿಡೀರಿ."

ಅವರ ಮಾತಿಗೆ ನಾನು ಹಾಗೆ ಎದುರಾಡಿದ್ದು ಅದೇ ಮೊದಲು. ಅತ್ತೆ ಸೆರಗು ಬಿಡಿಸಿ, ಎರಡೂ ಕೈಯಗಲಿಸಿ, ರೇಸಿಗೆ ಬೆನ್ನು ಹಾಕಿ ನನ್ನೆದುರು ಪರದೆಯಾದರು. ನಾನು ರೇಸಿನ ದಾರಿಗೆ ಕಟ್ಟಿದ್ದ ಹಗ್ಗದ ಪಕ್ಕ ನಿಂತೇ ಹಾಲು ಕುಡಿಸುತ್ತಾ ಅವರ ಭುಜದ ಮೇಲಿಂದ ನೋಡಿದೆ. ಅತ್ತೆಗೋ ತಡೆಯಲಾರದ ಚಡಪಡಿಕೆ. "ಯಾರೇ ಮುಂದಿರೋದು? ನಮ್ಮವಳು ಎಲ್ಲಿ? ಹೇಳೇ!" ನಾನು ಒಂದೊಂದನ್ನೂ ಕೂಗಿ ಹೇಳಿದೆ. ಐದನೆಯವಳು. ನಾಲ್ಕು. ತಿರುವಿನಲ್ಲಿ ಮೂರು! ಕೊನೆಯ ಸುತ್ತಿನಲ್ಲಿ ಅವಳು ಎರಡನೆಯವಳಾಗಿ ಗೆರೆ ದಾಟಿದಾಗ ಅತ್ತೆ ಪರದೆಯ ಕೆಲಸ ಮರೆತು ಕುಣಿದರು. ನಾನು ಅವಸರದಲ್ಲಿ ದುಪಟ್ಟಾ ಎಳೆದುಕೊಂಡೆ.

ಅನು ಸೈಕಲ್ ಬಿಸಾಕಿ ಓಡಿ ಬಂದಳು. ಅಪ್ಪ ಎತ್ತಿಕೊಳ್ಳಲು ಹೋದರೆ ತಪ್ಪಿಸಿಕೊಂಡು ನನ್ನ ಮುಂದೆ ನಿಂತಳು. ಏದುಸಿರು.

"ನೋಡಿದ್ಯಾ?"

"ನೋಡ್ದೆ."

"ಎರಡನೇ ಸುತ್ತಲ್ಲಿ ಏನಾಯ್ತು ಹೇಳು."

"ಹಳದಿ ಟೀ ಶರ್ಟಿನ ಹುಡುಗ ಬಿದ್ದ. ನೀನು ಬ್ರೇಕ್ ಹಾಕಿ ಅವನನ್ನ ನೋಡ್ದೆ. ಅವನು ಎದ್ದ ಮೇಲೆ ಮತ್ತೆ ತುಳಿದೆ."

ಅವಳು ನನ್ನ ಸೊಂಟ ಬಿಗಿಯಾಗಿ ತಬ್ಬಿಕೊಂಡಳು. ಪಾಪು ಇಬ್ಬರ ನಡುವೆ ಸಿಕ್ಕಿಕೊಂಡು ಕೊಸರಾಡಿದ. ನನಗೆ ಅಳುವೇ ಬಂದುಬಿಟ್ಟಿತು, ಅತ್ತೂ ಬಿಟ್ಟೆ. ಇಷ್ಟು ಹಗುರವಾಗಿ ಅತ್ತು ತಿಂಗಳುಗಳಾಗಿದ್ದವು.

ತಂಗಿಯ ಮನೆಯಲ್ಲಿ ಬಿಸಿಬೇಳೆಬಾತು, ಬೂಂದಿ, ಎರಡು ಗಂಟೆ ನಿದ್ದೆ. ಐದು ಗಂಟೆಗೆ ಹೂಡಿಯಿಂದ ವಾಪಸು ರೈಲು ಹತ್ತಿದೆವು. ಅತ್ತೆ ಪಾಪುವನ್ನು ಮಡಿಲಲ್ಲಿ ಹಾಕಿಕೊಂಡು ತೂಕಡಿಸಿದರು. ಎದುರಿಗೆ ಕೂತಿದ್ದ ಹಿರಿಯರೊಬ್ಬರು ಅನುವಿನ ಕೊರಳ ಪದಕ ನೋಡಿ ಸುಮ್ಮನೆ ಕೇಳಿದರು. "ಏನು ಪುಟ್ಟಿ, ರೇಸಲ್ಲಿ ಬಂದಿದ್ದಾ?" ಅಷ್ಟೇ ಸಾಕಾಯಿತು. ಅವಳು ಮೊದಲ ಸುತ್ತಿನಿಂದ ಶುರು ಮಾಡಿ, ಬಿದ್ದವನು, ತಿರುವು, ಹಿಂದಿಕ್ಕಿದವರು, ಎಲ್ಲವನ್ನೂ ಕೈ ಬೀಸಿ ಬೀಸಿ ಹೇಳಿದಳು. ಕೆ.ಆರ್. ಪುರ ಬಂದರೂ ಮುಗಿಯಲಿಲ್ಲ.

"ನಿಜಾನಾ, ಬೊಗಳೆನಾ?" ಎಂದು ಅವರು ರೇಗಿಸಿದರು.

ಅನು ನನ್ನ ಕಡೆ ತಿರುಗಿ ನೋಡಲೂ ಇಲ್ಲ. ಬೆರಳು ಮಾತ್ರ ನನ್ನತ್ತ ಚಾಚಿದಳು.

"ಬೇಕಾದ್ರೆ ನಮ್ಮಮ್ಮನ್ನ ಕೇಳಿ. ಪೂರ್ತಿ ನೋಡಿದಾರೆ."