ಕಣ್ಣಿಗೊತ್ತಿಕೊಂಡ ಅಡ್ಡಮರ

ಛಪ್! ದಾವಣಗೆರೆಯ ಮೈದಾನದಲ್ಲಿ ಕೇಳಿದ ಆ ಸದ್ದು ಇಂದಿಗೂ ನನ್ನ ಕಿವಿಯಲ್ಲಿದೆ. ನನ್ನ ಶಿಷ್ಯೆ ನೇತ್ರಾ ಅಂದು ಮೊದಲ ಸಲ ಸ್ಟೀಪಲ್‌ಚೇಸ್ ಓಡಿದ್ದಳು. ಅಡ್ಡಮರಗಳನ್ನು ಹಾರುತ್ತಾ, ನೀರಿನ ಗುಂಡಿ ದಾಟುತ್ತಾ ಓಡುವ ಓಟ ಅದು. ಗುಂಡಿಯ ಮುಂದಿನ ಮರದ ಮೇಲೆ ಕಾಲೂರಿ ನೀರಿಗೆ ಹಾರಿದ ಹುಡುಗಿ, ಹಿಂತಿರುಗಿ ಬಂದು ಆ ಮರವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು! ಉಳಿದವರೆಲ್ಲ ಮುಂದೆ ಹೋಗಿಬಿಟ್ಟರು.

"ರನ್, ಚೈಲ್ಡ್, ರನ್!" ಎಂದು ನಾನು ಕಿರುಚಿದೆ.

"ಕಾಲು ತಾಗ್ತಲ್ರಿ ಮಿಸ್," ಅಂದಳು.

ಆಮೇಲೆ ಓಟಕ್ಕೆ ಮೊದಲೇ ಮರಕ್ಕೆ ಕೈಮುಗಿಯುವುದನ್ನು ರೂಢಿಸಿಕೊಂಡಳು. ಇಂಡಿಯಾ ಜರ್ಸಿ ತೊಟ್ಟು ಬ್ಯಾಂಕಾಕ್‌ನಿಂದ ಬೆಳ್ಳಿ ಪದಕ ತಂದಳು. ಹೋದ ವರ್ಷ ದೋಹಾದಲ್ಲಿ ಅಂಥದೇ ಮರದ ಮೇಲೆ ಜಾರಿ ಕಾಲು ಮುರಿದುಕೊಂಡಳು. ಮೂಳೆ ಕೂಡಿತು, ಧೈರ್ಯ ಕೂಡಲಿಲ್ಲ. ಮತ್ತೆ ತಂಡದ ಆಯ್ಕೆಯ ಟ್ರಯಲ್ಸ್‌ಗೆ ಹೊರಡುವ ದಿನ ಹತ್ತಿರ ಬಂದರೂ ಅವಳು ಮರದ ಮೇಲೆ ಕಾಲಿಡುತ್ತಿಲ್ಲ ಎಂದು ತಾಯಿ ಹಾಲಮ್ಮ ತಮ್ಮೂರು ನಂದಿಗುಡಿಯಿಂದ ಫೋನ್ ಮಾಡಿದಳು. ನಾನು ಹೊರಟೆ.

ದಾವಣಗೆರೆಯಲ್ಲಿ ನನ್ನ ಮನೆಯಿರುವ ಎಂ.ಸಿ.ಸಿ. ಬಡಾವಣೆಯಿಂದ ಆಟೋ, ಅಲ್ಲಿಂದ ಹರಿಹರದ ಬಸ್ಸು. ಹದಿನಾಲ್ಕು ಕಿಲೋಮೀಟರ್, ಹೆಂಗಸರಿಗೆ ಟಿಕೆಟ್ ಫ್ರೀ. ಕಂಡಕ್ಟರ್ ನನ್ನ ಆಧಾರ್ ಕಾರ್ಡ್ ನೋಡಿ, "ಅಜ್ಜಿ, ಫೋಟೋದಾಗೇ ಜಾಸ್ತಿ ವಯಸ್ಸಾಗೈತಲ್ರಿ!" ಎಂದ. ಥ್ಯಾಂಕ್ ಯೂ ಹೇಳಿದೆ. ಹರಿಹರದ ಸ್ಟ್ಯಾಂಡಿನಲ್ಲಿ ಮಂಡಕ್ಕಿ, ಮಿರ್ಚಿ ತಿಂದು ನಂದಿಗುಡಿಯ ಬಸ್ಸು ಹತ್ತಿದೆ. ಬಿಸಿಲು ಚುರುಗುಟ್ಟುತ್ತಿತ್ತು. ಎರಡೂ ಕಡೆ ಹಸಿರು ಭತ್ತ. ಕಾನ್ವೆಂಟಿನ ನಮ್ಮ ಸಿಸ್ಟರ್‌ಗಳು ಕಂಡಿದ್ದರೆ "ಲವ್ಲಿ" ಅನ್ನುತ್ತಿದ್ದರು.

"ಬರ್ರಿ ಟೀಚರಮ್ಮ, ನೀವಾರ ಹೇಳ್ರಿ," ಎಂದು ಹಾಲಮ್ಮ ನನ್ನನ್ನು ನೇರವಾಗಿ ಗದ್ದೆಗೇ ಕರೆದೊಯ್ದಳು. ಕಾಲುವೆಯ ಅಂಚಿಗೆ ಅಭ್ಯಾಸಕ್ಕೆಂದು ಒಂದು ದಿಮ್ಮಿ ಹಾಕಿತ್ತು. ನೇತ್ರಾ ಓಡಿ ಬರುತ್ತಿದ್ದಳು, ದಿಮ್ಮಿಯ ಮುಂದೆ ಗಕ್ಕನೆ ನಿಲ್ಲುತ್ತಿದ್ದಳು.

"ಅವತ್ತು ದೋಹಾದಾಗ ಕೈ ಮುಗಿಯಾಕ ಟೈಮೇ ಸಿಗ್ಲಿಲ್ರಿ ಮಿಸ್. ಅದಕ್ಕೇ ಬಿದ್ದೆ."

"ಡೋಂಟ್ ಬಿ ಸಿಲ್ಲಿ," ಅಂದೆ. ಅವಳ ಮುಖ ಇನ್ನಷ್ಟು ಬಾಡಿತು.

ಹಾಲಮ್ಮ ಸೆರಗು ಸಿಕ್ಕಿಸಿಕೊಂಡು ದಿಮ್ಮಿಯ ಪಕ್ಕ ಕೂತಳು. "ಸಣ್ಣಾಕಿದ್ದಾಗ ನನ್ನ ಹೊಟ್ಟಿ ಮ್ಯಾಲೆ ನಿಂತು ಕುಣೀತಿದ್ದಿ. ಆಗ ಕೈ ಮುಗಿದಿದ್ಯೇನೆ? ನಾನೇನು ಬೀಳಿಸಿದ್ನಾ? ಇದೂ ನಿಮ್ಮವ್ವನ ಹೊಟ್ಟಿ ಅಂತ ತಿಳ್ಕ. ತುಳಿಯೇ!"

ನೇತ್ರಾ ನಕ್ಕುಬಿಟ್ಟಳು. ಹಿಂದಕ್ಕೆ ಹೋಗಿ ಓಡಿ ಬಂದಳು. ದಿಮ್ಮಿಯ ಮೇಲೆ ಕಾಲು ಬಿತ್ತು. ಛಪ್! ಕೆಸರು ನೀರು ನನ್ನ ಸೀರೆಗೂ ಹಾರಿತು.

ಟ್ರಯಲ್ಸ್ ಗೆದ್ದು ಈಗವಳು ವಿದೇಶದ ತರಬೇತಿ ಕ್ಯಾಂಪಿನಲ್ಲಿದ್ದಾಳೆ. ಅವಳ ಓಟವನ್ನು ಮೊಬೈಲಿನಲ್ಲಿ ನೋಡುತ್ತೇನೆ. ಆದರೆ ಕಣ್ಣಾರೆ ಕಂಡದ್ದು ಅಂದೇ ಕೊನೆ. ಅಂದು ವಾಪಸಾಗುವ ಬಸ್ಸು ಅವರ ಗದ್ದೆಯ ಪಕ್ಕ ಹಾದಾಗ ಕಿಟಕಿಯಿಂದ ಕೈ ಬೀಸಿದೆ. ಒದ್ದೆ ಬಟ್ಟೆಯಲ್ಲಿ ಮತ್ತೊಮ್ಮೆ ಕಾಲುವೆ ಹಾರಿದ ಹುಡುಗಿ ನೇರ ಓಡುತ್ತಲೇ ಹೋದಳು. ಹಿಂತಿರುಗಿ ದಿಮ್ಮಿಯನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ದಟ್ಸ್ ಮೈ ಗರ್ಲ್, ಅಂದುಕೊಂಡೆ.