ಹಸಿಗೆರೆ ಕಾಣದೆ ಪಾನಾ ಮುಟ್ಟದವರು
ಹರಿಹರದ ಮೆಕ್ಯಾನಿಕ್ ಬಕ್ಕೇಶಪ್ಪನವರ ಗ್ಯಾರೇಜಿನಲ್ಲಿ ಅವಸರಕ್ಕೆ ಆಸನವಿಲ್ಲ. ಕೂಲೆಂಟ್ ಸೋರುವ ಡೀಸೆಲ್ ಪಿಕಪ್ ಬಂದರೆ, ಅವರು ಪೈಪಿನ ಸಂದುಸಂದಿಗೂ ವಿಭೂತಿ ಧರಿಸುವ ಶ್ರದ್ಧೆಯಿಂದ ಸೀಮೆಸುಣ್ಣದ ಪುಡಿ ಬಳಿದು, ಎಂಜಿನ್ ಓಡಿಸಿ, ಆ ಬಿಳುಪಿನಲ್ಲಿ ಸೋರಿಕೆಯ ಹಸಿಗೆರೆ ಮೂಡುವವರೆಗೆ ತಪಸ್ವಿಯಂತೆ ಕೂರುತ್ತಾರೆ. ಅಲ್ಲಿಯತನಕ ಸಾಕ್ಷಾತ್ ಹರಿಹರೇಶ್ವರನೇ ಗಾಡಿ ತಂದರೂ ನಟ್ಟು ಬಿಚ್ಚುವ ಪಾನಾ ಮುಟ್ಟರು. ಮೊನ್ನೆ ದಾವಣಗೆರೆಯಿಂದ ಪಿಕಪ್ಪಿಗೆ ಮಂಡಕ್ಕಿ ಹೇರಿಕೊಂಡು ಬಂದ ದುರುಗಣ್ಣ, "ಮೂರು ಮಂದಿ ಮೆಕ್ಯಾನಿಕ್ರು ರೇಡಿಯೇಟರ್ ಹೋಗೈತೆ ಅಂದಾರ, ಸುಮ್ನೆ ಬದಲಾಯಿಸ್ರಿ ಯಜಮಾನ್ರೆ" ಎಂದು ರೇಗಿದ. "ಹಂಗಾದ್ರೆ ಆ ಮೂರು ಮಂದಿ ಹತ್ರನೇ ಹೋಗ್ರಿ. ನಾ ಕಾಣದ್ದನ್ನ ಬಿಚ್ಚಂಗಿಲ್ಲ" ಎಂದ ಬಕ್ಕೇಶಪ್ಪ, ಬಾಗಿಲಿಗೆ ತೂಗುಹಾಕಿದ್ದ ಹಳೆಯ ರೇಡಿಯೇಟರಿನತ್ತ ಕೈ ತೋರಿದರು: "ಇದರಾಗೆ ಒಂದೂ ತೂತಿಲ್ಲ. ಸೋರ್ತಿದ್ದದ್ದು ನೀರಿನ ಪಂಪು. ಅವಸರಕ್ಕೆ ಬಿದ್ದು ಇದನ್ನ ಬದಲಾಯಿಸಿದಾಂವ ನಾನೇ." ಆ ಮಾತು ಕೇಳಿ ಎದ್ದುಹೋದ ಗಿರಾಕಿಗಳುಂಟು, ದುರುಗಣ್ಣ ಮಾತ್ರ ಚಪ್ಪಲಿ ಕಳಚಿ, ಹಸಿಗೆರೆ ಕಾಯುತ್ತ ಕುಳಿತ.